ಒಮ್ಮೆ ಮಾತ್ರ ಹೂಬಿಡುವ ಶ್ರೀತಾಳೆ

ಕರಾವಳಿಯ ಹಳ್ಳಿಯೊಂದರ ತೋಟದ ಅಂಚಿನಲ್ಲಿ ತಾಳೆ ಜಾತಿಯ ಮರವೊಂದು ನಿಂತಿರುತ್ತದೆ. ಅದನ್ನು ನೆಟ್ಟವರು ಯಾರೆಂದು ಮನೆಯವರಿಗೆ ನೆನಪಿಲ್ಲ. ಐವತ್ತು ಅರವತ್ತು ವರ್ಷಗಳಿಂದ ಅದು ಒಂದು ಹೂ ಬಿಟ್ಟಿಲ್ಲ, ಒಂದು ಕಾಯಿ ಕೊಟ್ಟಿಲ್ಲ. ಹೀಗಿರುವಾಗ ಒಂದು ವರ್ಷ ಅದರ ನೆತ್ತಿಯಿಂದ ಕಂಬದಂಥ ಕುಡಿಯೊಂದು ಮೇಲೇಳುತ್ತದೆ. ನೋಡನೋಡುತ್ತಿದ್ದಂತೆ ಅದು ಕವಲೊಡೆದು, ಇಪ್ಪತ್ತು ಅಡಿ ಎತ್ತರದ ಕೆನೆಬಣ್ಣದ ಹೂಗೋಪುರವಾಗಿ ನಿಲ್ಲುತ್ತದೆ. ದಾರಿಹೋಕರು ನಿಂತು ನೋಡುತ್ತಾರೆ. ಮನೆಯ ಹಿರಿಯರು ಮಾತ್ರ ಮರ ಕಡಿಯುವವರಿಗೆ ಹೇಳಿಕಳುಹಿಸುತ್ತಾರೆ. ಈ ಮರ ಹೂಬಿಟ್ಟರೆ ಮನೆಗೆ, ಊರಿಗೆ ಕೇಡು ಎಂಬ ನಂಬಿಕೆ ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳ ಹಳ್ಳಿಗಳಲ್ಲಿ ಇಂದಿಗೂ ಉಂಟು. ಕುಡಿ ಕಂಡೊಡನೆ, ಕೆಲವೆಡೆ ಕಾಣುವ ಮೊದಲೇ, ಕೊಡಲಿ ಬೀಳುತ್ತದೆ.

ಈ ಮರವೇ ಶ್ರೀತಾಳೆ. ತುಳುವಿನಲ್ಲಿ ಪನೋಲಿ. ಮಲಯಾಳಿಗಳು ಕುಡಪ್ಪನ ಎನ್ನುತ್ತಾರೆ, ಎಂದರೆ ಕೊಡೆಯ ತಾಳೆ. ಸಿಂಹಳೀಯರಿಗೆ ಇದು ಬರೀ ‘ತಲ’. ಇಂಗ್ಲಿಷರು ‘ತಾಳಪತ್ರ’ ಎಂಬ ಮಾತನ್ನು ತಮ್ಮ ನಾಲಿಗೆಗೆ ಒಗ್ಗಿಸಿಕೊಂಡು ಟಾಲಿಪಾಟ್ ಎಂದರು. 1753ರಲ್ಲಿ ಸ್ವೀಡನ್ನಿನ ಸಸ್ಯಶಾಸ್ತ್ರಜ್ಞ ಲಿನೇಯಸ್ ಇದಕ್ಕೆ ಕೊಟ್ಟ ಹೆಸರು ಕೋರಿಫಾ ಅಂಬ್ರಾಕ್ಯುಲಿಫೆರಾ. ಮೊದಲ ಪದಕ್ಕೆ ಗ್ರೀಕ್ ಭಾಷೆಯಲ್ಲಿ ಶಿಖರ ಎಂದು ಅರ್ಥ. ಎರಡನೆಯದಕ್ಕೆ ಲ್ಯಾಟಿನ್ನಿನಲ್ಲಿ ಕೊಡೆ ಹೊತ್ತದ್ದು ಎಂದು ಅರ್ಥ. ಮರವನ್ನು ಕಣ್ಣಾರೆ ಕಾಣದ ಲಿನೇಯಸ್ ಈ ಹೆಸರಿಗೆ ಆಧಾರ ಮಾಡಿಕೊಂಡದ್ದು ಕೊಚ್ಚಿಯ ಡಚ್ ಅಧಿಕಾರಿ ವಾನ್ ರೀಡ್ ಹೊರತಂದ ‘ಹೊರ್ಟಸ್ ಮಲಬಾರಿಕಸ್’ ಎಂಬ 12 ಸಂಪುಟಗಳ ಗ್ರಂಥವನ್ನು. ಅದರ ಮೂರನೆಯ ಸಂಪುಟ ಆರಂಭವಾಗುವುದೇ ಈ ಮರದಿಂದ. ಒಂದೇ ಮರಕ್ಕೆ 12 ಚಿತ್ರಫಲಕಗಳನ್ನು ಮೀಸಲಿಟ್ಟಿದ್ದಾರೆಂದರೆ ಅದನ್ನು ಕಂಡ ಪರದೇಶಿಗಳು ಎಷ್ಟು ಬೆರಗಾಗಿದ್ದರೆಂದು ಊಹಿಸಬಹುದು.

ಬೆರಗಿಗೆ ಕಾರಣವಿತ್ತು. ಪೂರ್ಣ ಬೆಳೆದ ಶ್ರೀತಾಳೆ 80 ಅಡಿಯವರೆಗೂ ಏರುತ್ತದೆ. ಬೀಸಣಿಗೆಯಂತೆ ಹರಡುವ ಒಂದೊಂದು ಎಲೆಯ ಅಗಲ 16 ಅಡಿಯವರೆಗೂ ಇರಬಹುದು. ಎಲೆಯ ತೊಟ್ಟೇ ಎರಡಾಳುದ್ದ. ಎಲೆಯೊಂದರಲ್ಲಿ ನೂರರ ಆಸುಪಾಸು ಸೀಳುಗಳಿರುತ್ತವೆ. ಇನ್ನು ಅದರ ಹೂಗೊಂಚಲಂತೂ ಸಸ್ಯಲೋಕದಲ್ಲೇ ಅತಿ ದೊಡ್ಡದೆಂದು ಹೆಸರಾದದ್ದು. ಅದರಲ್ಲಿರುವ ಪುಟ್ಟ ಹೂಗಳ ಲೆಕ್ಕ ದಶಲಕ್ಷಗಳಲ್ಲಿ. ಮೂವತ್ತರಿಂದ ಎಂಬತ್ತು ವರ್ಷದೊಳಗೆ ಯಾವಾಗಲೋ ಒಮ್ಮೆ ಹೂಬಿಟ್ಟು, ಸುಮಾರು ಒಂದು ವರ್ಷ ಕಾಯಿಗಳನ್ನು ಹೊತ್ತು ಮಾಗಿಸಿ, ಸಾವಿರಾರು ಬೀಜ ಉದುರಿಸಿ ಮರ ಸಾಯುತ್ತದೆ. ತೆಂಗಿನಂತೆ, ಅಡಿಕೆಯಂತೆ ವರ್ಷ ವರ್ಷ ಫಲ ಕೊಡುವ ಜಾಯಮಾನ ಇದರದಲ್ಲ. ಬುಡದಲ್ಲಿ ಕಂದುಗಳೂ ಏಳುವುದಿಲ್ಲ. ಬಾಳೆಯ ಗೊನೆ ಕಡಿದರೆ ಪಕ್ಕದಲ್ಲಿ ಮರಿ ಇರುತ್ತದೆ. ಶ್ರೀತಾಳೆಗೆ ಆ ಅನುಕೂಲವಿಲ್ಲ. ಬೀಜವೊಂದೇ ದಾರಿ, ಅದೂ ಬಾಳಿನಲ್ಲಿ ಒಂದೇ ಸಲ. ಹೂ ಕಂಡೊಡನೆ ಕಡಿದ ಮರ ಮುಂದಿನ ಪೀಳಿಗೆಯನ್ನೂ ತನ್ನ ಜೊತೆಗೇ ಕೊಂಡೊಯ್ಯುತ್ತದೆ.

ಇಂಥ ಮರಕ್ಕೆ ನಮ್ಮ ಹಿರಿಯರು ‘ಶ್ರೀ’ ಎಂಬ ಮಂಗಳಪದವನ್ನು ಸೇರಿಸಿ ಕರೆದರು ಎಂಬುದೇ ಕುತೂಹಲದ ಸಂಗತಿ. ಒಂದೆಡೆ ಶ್ರೀ, ಇನ್ನೊಂದೆಡೆ ಕೇಡು. ಈ ಎರಡರ ನಡುವೆ ಏನಾಯಿತು?

ಬರೆಯುವ ಎಲೆ

ಹಸ್ತಪ್ರತಿಗಳ ಲೋಕದಲ್ಲಿ ಎರಡು ತಾಳೆಗಳ ಮಾತು ಬರುತ್ತದೆ. ಒಂದು ಖರತಾಳ, ಇನ್ನೊಂದು ಶ್ರೀತಾಳ. ‘ಖರ’ ಎಂದರೆ ಒರಟು. ತಾಟಿನಿಂಗಿನ ಹಣ್ಣು ಕೊಡುವ, ಬಯಲುಸೀಮೆಯವರಿಗೂ ಪರಿಚಿತವಾದ ತಾಳೆಯದು ಖರತಾಳ. ಅದರ ಗರಿ ದಪ್ಪ, ಅಗಲ ಕಡಿಮೆ, ವಯಸ್ಸಾದಂತೆ ಮುರುಕು. ಶ್ರೀತಾಳೆಯದು ತೆಳು, ಉದ್ದ, ಅಗಲ, ಬಾಗಿಸಿದರೆ ಬಾಗುತ್ತದೆ. ಬರೆಯುವವರಿಗೆ ಇದರ ಮೇಲೆ ಒಲವು ಇದ್ದುದರಲ್ಲಿ ಆಶ್ಚರ್ಯವಿಲ್ಲ.

ಏಳನೆಯ ಶತಮಾನದಲ್ಲಿ ಭಾರತಕ್ಕೆ ಬಂದ ಚೀನೀ ಯಾತ್ರಿಕ ಹ್ಯೂಯೆನ್‌ತ್ಸಾಂಗ್ ದಕ್ಷಿಣದಲ್ಲಿ ಕೊಂಕಣಪುರವೆಂಬ ರಾಜ್ಯವನ್ನು ಹಾದುಹೋದ. ಆ ನಗರದ ಉತ್ತರಕ್ಕೆ ಸ್ವಲ್ಪ ದೂರದಲ್ಲಿ 30 ಲೀ ಸುತ್ತಳತೆಯ, ಎಂದರೆ ಹಲವು ಮೈಲಿಗಳ ತಾಳೆಯ ಕಾಡಿತ್ತೆಂದೂ, ಅದರ ಎಲೆಗಳು ಉದ್ದವೂ ಅಗಲವೂ ಹೊಳಪುಳ್ಳವೂ ಆಗಿದ್ದು ಭಾರತದ ಎಲ್ಲ ರಾಜ್ಯಗಳಲ್ಲಿ ಬರವಣಿಗೆಗೆ ಅವನ್ನೇ ಬಳಸುತ್ತಾರೆಂದೂ ಬರೆದಿಟ್ಟಿದ್ದಾನೆ. ಅಲ್ಲಿಂದ ಮುಂದೆ ಅವನು ಕಾಡುದಾರಿ ಹಿಡಿದು ಪುಲಕೇಶಿಯ ನಾಡಿಗೆ ಹೋದ. ಕೊಂಕಣಪುರ ಯಾವುದು ಎಂಬ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಬನವಾಸಿ ಎಂದವರುಂಟು, ಆನೆಗುಂದಿ ಎಂದವರುಂಟು. ಬನವಾಸಿ ಇರುವ ಉತ್ತರ ಕನ್ನಡ ಜಿಲ್ಲೆಯಲ್ಲೇ, ಕುಮಟಾ ತಾಲ್ಲೂಕಿನ ಯಾಣದ ಆಸುಪಾಸಿನ ಕಾಡುಗಳಲ್ಲಿ ಶ್ರೀತಾಳೆ ಗುಂಪುಗುಂಪಾಗಿ ಬೆಳೆಯುತ್ತಿದ್ದುದನ್ನು ಬ್ರಿಟಿಷರ ಕಾಲದ ಸಸ್ಯಶಾಸ್ತ್ರಜ್ಞರು ದಾಖಲಿಸಿದ್ದಾರೆ ಎಂಬುದನ್ನು ಈ ಚರ್ಚೆಯ ಪಕ್ಕದಲ್ಲಿಟ್ಟು ನೋಡಬಹುದು. ಇದೇನೂ ಪುರಾವೆಯಲ್ಲ, ಆದರೆ ತಳ್ಳಿಹಾಕುವಂಥದ್ದೂ ಅಲ್ಲ.

1900ರಲ್ಲಿ ರುಡಾಲ್ಫ್ ಹರ್ನಲೆ ಎಂಬ ವಿದ್ವಾಂಸರು ಹಳೆಯ ಹಸ್ತಪ್ರತಿಗಳ ಎಲೆಗಳ ನರಗಳನ್ನು ಸೂಕ್ಷ್ಮವಾಗಿ ಹೋಲಿಸಿ ಪ್ರಬಂಧವೊಂದನ್ನು ಪ್ರಕಟಿಸಿದರು. ಉತ್ತರ ಭಾರತದ ಅತಿ ಹಳೆಯ ಓಲೆಗ್ರಂಥಗಳು ಖರತಾಳದವಲ್ಲ, ಶ್ರೀತಾಳದವು ಎಂಬುದು ಅವರ ನಿಲುವು. ಶ್ರೀತಾಳೆ ಗಂಗೆಯ ಬಯಲಿನ ಮರವಲ್ಲ. ತೇವವುಳ್ಳ ತೆಂಕಣ ಕರಾವಳಿಯದು, ಸಿಂಹಳದ್ದು. ಹಾಗಾದರೆ ಉತ್ತರದ ಮಠ ವಿಹಾರಗಳಲ್ಲಿ ಶಾಸ್ತ್ರ ಬರೆದವರು ದಕ್ಷಿಣದಿಂದ ಹೋದ ಎಲೆಯನ್ನು ನೆಚ್ಚಿಕೊಂಡಿದ್ದರು ಎಂದಾಗುತ್ತದೆ. ಮೆಣಸು, ಗಂಧಗಳ ವ್ಯಾಪಾರದ ಕಥೆಯನ್ನು ಪಠ್ಯಪುಸ್ತಕಗಳು ಹೇಳುತ್ತವೆ. ಎಲೆಯ ವ್ಯಾಪಾರದ ಕಥೆ ಹೇಳಿದವರು ಕಡಿಮೆ.

ಎಲೆಯನ್ನು ಹದಗೊಳಿಸುವ ವಿದ್ಯೆ ಶ್ರೀಲಂಕಾದಲ್ಲಿ ಚೆನ್ನಾಗಿ ಉಳಿದುಕೊಂಡಿದೆ. ಇದಕ್ಕೆ ಬಲಿತ ಎಲೆ ಆಗದು. ಇನ್ನೂ ಬಿಚ್ಚಿಕೊಳ್ಳದ ಸುಳಿಯನ್ನೇ ಕಡಿದಿಳಿಸಬೇಕು. ಸೀಳುಗಳನ್ನು ಬಿಡಿಸಿ, ನಡುವಿನ ಕಡ್ಡಿ ತೆಗೆದು, ಸುರುಳಿ ಸುತ್ತಿ, ದೊಡ್ಡ ಪಾತ್ರೆಯಲ್ಲಿ ಗಂಟೆಗಟ್ಟಲೆ ಕುದಿಸುತ್ತಾರೆ. ಆ ನೀರಿಗೆ ಅನಾನಸು ಮತ್ತು ಪಪ್ಪಾಯಿಯ ಎಲೆಗಳನ್ನು ಹಾಕುವ ರೂಢಿಯಿದೆ. (ಈ ಎರಡೂ ಗಿಡಗಳು ಪೋರ್ಚುಗೀಸರ ಕಾಲದಲ್ಲಿ ಅಮೆರಿಕದಿಂದ ಬಂದವು. ಆದ್ದರಿಂದ ಅದಕ್ಕೂ ಹಿಂದಿನವರು ಬೇರೇನನ್ನೋ ಬಳಸುತ್ತಿದ್ದಿರಬೇಕು.) ಆಮೇಲೆ ಹಗಲು ಬಿಸಿಲಿಗೆ, ರಾತ್ರಿ ಇಬ್ಬನಿಗೆ ಹರಡುತ್ತಾರೆ. ಬಿಸಿಲೊಂದೇ ಆದರೆ ಎಲೆ ಸಿಡಿಯುತ್ತದೆ. ಇಬ್ಬನಿ ಅದನ್ನು ಮೆದುಗೊಳಿಸುತ್ತದೆ. ಬಳಿಕ ನುಣುಪಾದ ಅಡಿಕೆಯ ದಬ್ಬೆಗೆ ಸುತ್ತಿ ಹಿಂದೆ ಮುಂದೆ ಎಳೆದು ನಯ ಮಾಡಿ, ಅಳತೆಗೆ ಕತ್ತರಿಸಿ, ಕಾದ ಕಬ್ಬಿಣದ ಕಡ್ಡಿಯಿಂದ ದಾರ ಪೋಣಿಸಲು ತೂತು ಮಾಡುತ್ತಾರೆ. ಬರೆಯುವುದು ಉಕ್ಕಿನ ಮೊನೆಯಿಂದ. ನಮ್ಮಲ್ಲಿ ಇದಕ್ಕೆ ಕಂಟ ಎಂದು ಹೆಸರು. ಕಂಟ ಮಸಿಯನ್ನು ಬಿಡುವುದಿಲ್ಲ, ಎಲೆಯ ಮೈಯನ್ನು ಗೀರುತ್ತದೆ. ಗೀರಿದ ಮೇಲೆ ಕಾಡಿಗೆಯನ್ನು ಎಣ್ಣೆಯಲ್ಲಿ ಕಲಸಿ ಬಳಿದು ಒರೆಸಿದರೆ ಮಸಿ ಗೀರಿನೊಳಗೆ ಮಾತ್ರ ನಿಂತು ಅಕ್ಷರ ಎದ್ದು ಕಾಣುತ್ತದೆ. ಕನ್ನಡ, ತೆಲುಗು, ಸಿಂಹಳ ಲಿಪಿಗಳು ದುಂಡಗಾದದ್ದು ಇದೇ ಕಾರಣಕ್ಕೆ, ನೇರ ಗೆರೆ ಎಳೆದರೆ ಎಲೆಯ ನಾರಿನ ಗುಂಟ ಸೀಳಿಹೋಗುತ್ತದೆ ಎಂದು ಹೇಳುವುದುಂಟು. ಕೇಳಲು ಚೆಂದವಾದ ವಿವರಣೆ. ಆದರೆ ಲಿಪಿಯ ಆಕಾರಕ್ಕೆ ಒಂದೇ ಕಾರಣವಿರುವುದು ಅನುಮಾನ.

ಒಂದು ಗ್ರಂಥಕ್ಕೆ ಎಷ್ಟು ಎಲೆ ಬೇಕಾದೀತು? ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದ ಅತ್ತಿಮಬ್ಬೆಯ ಹೆಸರು ಶಾಲೆಯ ಮಕ್ಕಳಿಗೂ ಗೊತ್ತು. ಒಂದು ಪ್ರತಿಗೆ ನೂರು ಗರಿ ಎಂದಿಟ್ಟುಕೊಂಡರೂ ಲಕ್ಷ ಗರಿಗಳಾದವು. ಅವು ಯಾವ ತಾಳೆಯವೇ ಆಗಿರಲಿ, ಆ ದಾನಶೀಲೆಯ ಹಿಂದೆ ಸುಳಿ ಇಳಿಸಿದವರು, ಕುದಿಸಿದವರು, ಒಣಗಿಸಿದವರು, ಬರೆದವರ ಒಂದು ಸೈನ್ಯವೇ ಇದ್ದಿರಬೇಕು. ಅಷ್ಟು ಎಲೆ ಕೊಡಬಲ್ಲ ಮರಗಳೂ ಇದ್ದಿರಬೇಕು.

ಮೂಡಬಿದಿರೆಯ ಕಟ್ಟುಗಳು

ಶ್ರೀತಾಳೆಯ ಎಲೆ ಎಷ್ಟು ಕಾಲ ಬಾಳುತ್ತದೆಂಬುದಕ್ಕೆ ಸಾಕ್ಷಿ ಮೂಡಬಿದಿರೆಯಲ್ಲಿದೆ. ದಿಗಂಬರ ಜೈನರಿಗೆ ಪರಮ ಪವಿತ್ರವಾದ ಆಗಮ ‘ಷಟ್‌ಖಂಡಾಗಮ’. ಅದಕ್ಕೆ ಒಂಬತ್ತನೆಯ ಶತಮಾನದಲ್ಲಿ ವೀರಸೇನಾಚಾರ್ಯರು ಬರೆದ ಟೀಕೆ ‘ಧವಲಾ’. ‘ಕಷಾಯಪಾಹುಡ’ಕ್ಕೆ ಅವರೇ ಆರಂಭಿಸಿ, ಶಿಷ್ಯ ಜಿನಸೇನರು ಮುಗಿಸಿದ ಟೀಕೆ ‘ಜಯಧವಲಾ’. ಭಾಷೆ ಪ್ರಾಕೃತ ಮತ್ತು ಸಂಸ್ಕೃತ. ಆದರೆ ಈ ಗ್ರಂಥಗಳು ಲೋಕಕ್ಕೆ ಉಳಿದು ಬಂದದ್ದು ಹಳಗನ್ನಡ ಲಿಪಿಯಲ್ಲಿ, ಮೂಡಬಿದಿರೆಯ ಸಿದ್ಧಾಂತ ಬಸದಿಯಲ್ಲಿದ್ದ ಓಲೆಗಳ ಮೇಲೆ. ಹೊಯ್ಸಳರ ಕಾಲದ, ಹನ್ನೆರಡನೆಯ ಶತಮಾನದ ಪ್ರತಿಗಳವು. ಶ್ರೀತಾಳದ ಅಗಲವಾದ ಗರಿಗಳಾದ್ದರಿಂದ ಅಕ್ಷರಗಳ ಜೊತೆಗೆ ತೀರ್ಥಂಕರರ, ಯಕ್ಷ ಯಕ್ಷಿಯರ, ಭಕ್ತರ ಬಣ್ಣದ ಚಿತ್ರಗಳಿಗೂ ಜಾಗ ಸಿಕ್ಕಿತು. ಕರ್ನಾಟಕದಲ್ಲಿ ಉಳಿದಿರುವ ಅತಿ ಹಳೆಯ ಗ್ರಂಥಚಿತ್ರಗಳಲ್ಲಿ ಅವು ಸೇರುತ್ತವೆ.

ಶತಮಾನಗಳ ಕಾಲ ಈ ಕಟ್ಟುಗಳನ್ನು ಯಾತ್ರಿಕರು ದೂರದಿಂದ ನೋಡಿ ಕೈಮುಗಿದು ಹೋಗುತ್ತಿದ್ದರು. ಓದುವವರಿರಲಿಲ್ಲ, ಓದಲು ಕೊಡುವವರೂ ಇರಲಿಲ್ಲ. 19ನೆಯ ಶತಮಾನದ ಕೊನೆಯಲ್ಲಿ ಸೊಲ್ಲಾಪುರ, ಮುಂಬಯಿಗಳ ಜೈನ ಶ್ರೇಷ್ಠಿಗಳ ಒತ್ತಾಯದಿಂದ ಪ್ರತಿ ಮಾಡುವ ಕೆಲಸ ಆರಂಭವಾಯಿತು. ಅದು ಮುಗಿಯಲು ದಶಕಗಳೇ ಹಿಡಿದವು. ಪ್ರತಿಯನ್ನು ಹೊರಗೆ ಬಿಡಬೇಕೇ ಬೇಡವೇ ಎಂಬ ತಕರಾರೂ ಸಾಕಷ್ಟು ನಡೆಯಿತು. ಅಂತೂ 1939ರಲ್ಲಿ ಅಮರಾವತಿಯಿಂದ ಡಾ. ಹೀರಾಲಾಲ್ ಜೈನ್ ಸಂಪಾದಿಸಿದ ‘ಧವಲಾ’ದ ಮೊದಲ ಸಂಪುಟ ಅಚ್ಚಾಯಿತು. ಹದಿನಾರು ಸಂಪುಟಗಳು ಪೂರ್ತಿಯಾಗಲು ಮತ್ತೆ ಸುಮಾರು ಎರಡು ದಶಕ ಬೇಕಾಯಿತು. ಎಂಟುನೂರು ವರ್ಷ ಆ ಮಾತುಗಳನ್ನು ಹಿಡಿದಿಟ್ಟುಕೊಂಡಿದ್ದು ಪನೋಲಿ ಮರದ ಎಲೆ. ಪ್ರತಿವರ್ಷ ಜ್ಯೇಷ್ಠ ಶುದ್ಧ ಪಂಚಮಿಯಂದು, ಷಟ್‌ಖಂಡಾಗಮ ಬರೆದು ಮುಗಿಸಿದ ನೆನಪಿಗೆ, ಜೈನರು ಶ್ರುತಪಂಚಮಿ ಆಚರಿಸಿ ಗ್ರಂಥಗಳಿಗೆ ಪೂಜೆ ಸಲ್ಲಿಸುತ್ತಾರೆ. ಎಲೆಗೆ ಪೂಜೆ ಸಲ್ಲುವ ಅದೇ ಜಿಲ್ಲೆಯಲ್ಲಿ ಮರಕ್ಕೆ ಕೊಡಲಿ.

ಕನ್ನಡದ ನಿತ್ಯದ ಮಾತಿನಲ್ಲೂ ಓಲೆ ಉಳಿದಿದೆ. ಕಾಗದದ ಮೇಲೆ ಬರೆದರೂ ಅದು ಒಲವಿನ ಓಲೆಯೇ. ಸುದ್ದಿ ಮುಟ್ಟಿಸುವವನು ಓಲೆಕಾರ. ಹೆಂಗಸರ ಕಿವಿಯ ಆಭರಣಕ್ಕೆ ಓಲೆ ಎನ್ನುವುದು, ಒಂದು ಕಾಲದಲ್ಲಿ ಸುರುಳಿ ಸುತ್ತಿದ ತಾಳೆಗರಿಯನ್ನೇ ಕಿವಿಗೆ ಇಟ್ಟುಕೊಳ್ಳುತ್ತಿದ್ದುದರ ಗುರುತು. ಚಿನ್ನ ಬಂದರೂ ಹೆಸರು ಹೋಗಲಿಲ್ಲ.

ಕೊಡೆಯಾಗಿ, ಅನ್ನವಾಗಿ

ಗ್ರಂಥಗಳು ಮಠ, ಬಸದಿ, ಅರಮನೆಗಳ ವಿಷಯವಾದರೆ ಸಾಮಾನ್ಯರಿಗೆ ಶ್ರೀತಾಳೆ ಎಂದರೆ ಮಳೆಗೆ ಮರೆ. ಇದನ್ನು ಸೊಗಸಾಗಿ ವರ್ಣಿಸಿದವನು ರಾಬರ್ಟ್ ನಾಕ್ಸ್ ಎಂಬ ಇಂಗ್ಲಿಷ್ ನಾವಿಕ. 1660ರಲ್ಲಿ ಸಿಂಹಳದ ಕರಾವಳಿಯಲ್ಲಿ ಕ್ಯಾಂಡಿಯ ಅರಸನ ಕಡೆಯವರಿಗೆ ಸೆರೆಸಿಕ್ಕ ಈತ ಹತ್ತೊಂಬತ್ತು ವರ್ಷಗಳಿಗೂ ಹೆಚ್ಚು ಕಾಲ ಒಳನಾಡಿನ ಹಳ್ಳಿಗಳಲ್ಲಿ ಬದುಕಿದ. ಸೆರೆ ಎಂದರೆ ಕಂಬಿಯ ಹಿಂದಿನ ಸೆರೆಯಲ್ಲ. ಊರು ಬಿಟ್ಟು ಹೋಗುವಂತಿರಲಿಲ್ಲ, ಅಷ್ಟೆ. ಟೋಪಿ ಹೆಣೆದು ಮಾರಿ, ಬತ್ತ ಸಾಲ ಕೊಟ್ಟು ಜೀವನ ಸಾಗಿಸಿದ. 1679ರಲ್ಲಿ ತಪ್ಪಿಸಿಕೊಂಡು ಸ್ವದೇಶಕ್ಕೆ ಮರಳಿ, 1681ರಲ್ಲಿ ಪುಸ್ತಕ ಪ್ರಕಟಿಸಿದ. ಅದರಲ್ಲಿ ತಾಳೆ ಎಲೆಯನ್ನು ತಲೆಯ ಮೇಲೆ ಹಿಡಿದು ಮಳೆಯಲ್ಲಿ ನಿಂತ ಮನುಷ್ಯನ ಚಿತ್ರವೊಂದಿದೆ.

ಮರ ಹಡಗಿನ ಪಟಸ್ತಂಭದಷ್ಟು ಎತ್ತರ, ಅಷ್ಟೇ ನೆಟ್ಟಗೆ ಎಂದು ನಾವಿಕನಿಗೆ ಸಹಜವಾದ ಹೋಲಿಕೆಯನ್ನೇ ನಾಕ್ಸ್ ಕೊಡುತ್ತಾನೆ. ಒಂದು ಎಲೆ ಹದಿನೈದು ಇಪ್ಪತ್ತು ಜನರನ್ನು ಮಳೆಯಿಂದ ಕಾಯಬಲ್ಲದು. ಹಾಗಿದ್ದೂ ಬೀಸಣಿಗೆಯಂತೆ ಮಡಚಿದರೆ ತೋಳಿನಷ್ಟು ದಪ್ಪವಾಗುತ್ತದೆ, ಹಗುರವಾಗಿರುತ್ತದೆ. ದಂಡಿಗೆ ಹೋಗುವ ಸೈನಿಕರು ಎಲೆಯ ತುಂಡುಗಳನ್ನು ಹೊತ್ತೊಯ್ದು ರಾತ್ರಿ ಅದರಿಂದಲೇ ಡೇರೆ ಹಾಕುತ್ತಾರೆ. ಮುಳ್ಳುಕಂಟಿಗಳ ನಡುವೆ ನುಗ್ಗುವಾಗ ಎಲೆಯ ಚೂಪು ಕಡೆಯನ್ನು ಮುಂದೆ ಹಿಡಿದರೆ ದಾರಿ ಸಲೀಸು. ಇಂಥದೊಂದು ಮರವನ್ನು ದೇವರು ಈ ಬಡ ಜನರಿಗೆಂದೇ ಮಳೆನಾಡಿನಲ್ಲಿ ಇಟ್ಟಿದ್ದಾನೆ ಎಂಬ ಧಾಟಿಯಲ್ಲಿ ಅವನ ಮೆಚ್ಚುಗೆ ಸಾಗುತ್ತದೆ.

ನಮ್ಮ ಪಶ್ಚಿಮ ಕರಾವಳಿಯಲ್ಲಿ ಎಲೆಯನ್ನು ಹಾಗೆಯೇ ಹಿಡಿಯುವುದಕ್ಕಿಂತ ಬಿದಿರಿನ ಕಡ್ಡಿಗಳ ಚೌಕಟ್ಟಿಗೆ ಹೊಲಿದು ಕೊಡೆ ಮಾಡುವುದು ವಾಡಿಕೆಯಾಗಿತ್ತು. ಕೇರಳದ ಓಣಂ ಹಬ್ಬದಲ್ಲಿ ಮಹಾಬಲಿಯ ವೇಷ ಕಂಡವರಿಗೆ ಅವನ ಕೈಯ ಓಲೆಕೊಡೆ ನೆನಪಿದ್ದೀತು. ಬಾಗಿ ನೇಜಿ ನೆಡುವವರಿಗೆ ಕೊಡೆ ಹಿಡಿಯಲು ಕೈ ಬಿಡುವಿರುವುದಿಲ್ಲ. ಅವರಿಗೆ ತಲೆಯಿಂದ ಬೆನ್ನಿನವರೆಗೆ ಕವುಚಿಕೊಳ್ಳುವ ಓಲೆಯ ಗೊರಬು. ಮನೆಯ ಮಾಡಿಗೆ ಹೊದಿಸಲು, ಚಾಪೆ ಬುಟ್ಟಿ ಹೆಣೆಯಲು, ಬೀಸಣಿಗೆಗೆ ಕೂಡ ಇದೇ ಎಲೆ. ಕಾಯಿಯನ್ನು ಜಜ್ಜಿ ಹೊಳೆಯ ಮಡುವಿಗೆ ಹಾಕಿ ಮೀನುಗಳಿಗೆ ಮಂಪರು ಬರಿಸಿ ಹಿಡಿಯುವ ಉಪಾಯವೂ ಇತ್ತು.

ಇವೆಲ್ಲಕ್ಕಿಂತ ಮುಖ್ಯವಾದ ಇನ್ನೊಂದು ಉಪಯೋಗ ಹಸಿವಿನದು. ಬಾಳಿಡೀ ಹೂಬಿಡದ ಈ ಮರ ವರ್ಷ ವರ್ಷವೂ ಪಿಷ್ಟವನ್ನು ಕಾಂಡದೊಳಗೆ ಕೂಡಿಡುತ್ತದೆ. ಒಂದೇ ಬಾರಿಗೆ ಅಷ್ಟು ದೊಡ್ಡ ಹೂಗೊಂಚಲನ್ನು ಎಬ್ಬಿಸಿ, ಸಾವಿರಾರು ಕಾಯಿಗಳನ್ನು ಸಾಕಲು ಬೇಕಾದ ಬಂಡವಾಳ ಅದು. ಬಂಡವಾಳವೆಲ್ಲ ಬರಿದಾದಾಗ ಮರ ಸಾಯುತ್ತದೆ. ಇದನ್ನು ಅರಿತ ಜನ ಹೂಬಿಡುವ ಮುನ್ನವೇ ಮರವನ್ನು ಕಡಿದು, ಕಾಂಡವನ್ನು ಸೀಳಿ, ಒಳಗಿನ ಮೆದುವಾದ ತಿರುಳನ್ನು ಕುಟ್ಟಿ ಹಿಟ್ಟು ತೆಗೆಯುತ್ತಿದ್ದರು. ನಾಕ್ಸ್ ಕೂಡ ಇದನ್ನು ಕಂಡಿದ್ದಾನೆ. ಒರಳಿನಲ್ಲಿ ಕುಟ್ಟಿದ ಹಿಟ್ಟಿನಿಂದ ಸುಟ್ಟ ರೊಟ್ಟಿಗೆ ಗೋದಿಯ ರೊಟ್ಟಿಯ ರುಚಿಯಿತ್ತಂತೆ. ಹೊಸ ಬತ್ತ ಕೈಗೆ ಬರುವ ಮೊದಲಿನ ಕಷ್ಟದ ದಿನಗಳಿಗೆ ಅದೇ ಆಸರೆ. ಮಲಬಾರ್ ಮತ್ತು ತುಳುನಾಡಿನಲ್ಲೂ ಅಕ್ಕಿ ಸಿಗದ ವರ್ಷಗಳಲ್ಲಿ ಈ ಹಿಟ್ಟಿನ ಗಂಜಿ ಜನರ ಹೊಟ್ಟೆ ತುಂಬಿಸಿದೆ.

ಇಲ್ಲೊಂದು ಸೂಕ್ಷ್ಮವಿದೆ. ಕಾಂಡದಲ್ಲಿ ಹಿಟ್ಟು ತುಂಬಿರುವ ಗಳಿಗೆ ಮತ್ತು ಮರ ಬೀಜಕ್ಕೆ ಸಿದ್ಧವಾಗುವ ಗಳಿಗೆ ಎರಡೂ ಒಂದೇ. ಹಿಟ್ಟು ಬೇಕೆಂದರೆ ಬೀಜವಿಲ್ಲ, ಬೀಜ ಬೇಕೆಂದರೆ ಹಿಟ್ಟಿಲ್ಲ. ಹೂ ಬರುವ ಮುನ್ನ ಮರ ಕಡಿಯುವ ಪದ್ಧತಿ ಅಂಧಶ್ರದ್ಧೆಯಿಂದಲೇ ಹುಟ್ಟಿತೆಂದು ಹೇಳಲಾಗದು. ಹೊಟ್ಟೆಪಾಡಿನಿಂದಲೂ ಅದು ಬಂದಿದೆ.

ಕೇಡಿನ ಹೂ

ನಾಕ್ಸ್‌ನ ಬರವಣಿಗೆಯಲ್ಲಿ ಮತ್ತೊಂದು ಮಾತು ಸಿಗುತ್ತದೆ. ಮನೆಯ ಹತ್ತಿರ ಮರ ಹೂಬಿಟ್ಟರೆ ಅದರ ಗಾಢವಾದ ವಾಸನೆ ತಡೆಯಲಾರದೆ, ಬೀಜದ ಆಸೆಯನ್ನೂ ಬಿಟ್ಟು ಜನ ಅದನ್ನು ಕಡಿದುಹಾಕುತ್ತಾರೆ ಎನ್ನುತ್ತಾನೆ. ಅಲ್ಲಿ ಕೇಡಿನ ಸುದ್ದಿಯಿಲ್ಲ, ವಾಸನೆಯ ಕಿರಿಕಿರಿಯಷ್ಟೇ ಇದೆ. ಕೊಡಲಿಯ ಚರಿತ್ರೆ ಮುನ್ನೂರು ವರ್ಷಕ್ಕಿಂತ ಹಳೆಯದೆಂಬುದಂತೂ ಇದರಿಂದ ಖಚಿತ.

ಕೇಡಿನ ನಂಬಿಕೆಗೂ ನೆಲೆಯಿಲ್ಲದೆ ಇಲ್ಲ. ಮನುಷ್ಯನ ಆಯಸ್ಸಿನಷ್ಟೇ ಆಯಸ್ಸಿನ ಮರ ಹೂಬಿಡುವುದು ಮನೆತನದ ಎರಡು ತಲೆಮಾರಿಗೊಮ್ಮೆ. ಆ ವರ್ಷ ಮನೆಯಲ್ಲೊಂದು ಸಾವೋ ನಷ್ಟವೋ ಸಂಭವಿಸಿದರೆ ಮರದ ಸಾವಿನ ಜೊತೆ ಅದು ನೆನಪಿನಲ್ಲಿ ಅಂಟಿಕೊಳ್ಳುತ್ತದೆ. ಅಳಿಸಿಹಾಕಲು ಮತ್ತೊಂದು ಹೂವಿನ ವರ್ಷ ಆ ಜನ್ಮದಲ್ಲಿ ಬರುವುದಿಲ್ಲ. ಮೇಲಾಗಿ ಸತ್ತು ಒಣಗಿದ 80 ಅಡಿಯ ಕಾಂಡ, ಮಣಭಾರದ ಎಲೆತೊಟ್ಟುಗಳು ಮನೆಯ ಮಾಡಿನ ಮೇಲೆ ಬಿದ್ದರೆ ಅಪಾಯವೇ. ಬಿದಿರು ಹೂಬಿಟ್ಟರೆ ಬರಗಾಲ ಎಂಬ ಮಾತು ಮಲೆನಾಡಿನಲ್ಲಿದೆ. ಬಿದಿರಕ್ಕಿಗೆ ಇಲಿಗಳ ಹಿಂಡು ಹೆಚ್ಚಿ, ಅವು ಬೆಳೆಗೆ ಬೀಳುವುದರಿಂದ ಆ ಮಾತಿನಲ್ಲಿ ಹುರುಳೂ ಇದೆ. ಒಮ್ಮೆ ಹೂಬಿಟ್ಟು ಸಾಯುವ ಬಿದಿರಿನ ಮೇಲಿನ ಭಯ, ಅದೇ ಸ್ವಭಾವದ ತಾಳೆಯ ಮೇಲೂ ಬಂದಿರಬಹುದು.

ಸೋಜಿಗವೆಂದರೆ, ಉತ್ತರ ಭಾರತದಲ್ಲಿ ಇದೇ ಮರದ ಬೀಜಕ್ಕೆ ತದ್ವಿರುದ್ಧವಾದ ಕೀರ್ತಿ. ಅಲ್ಲಿ ಅದರ ಹೆಸರು ಬಜರಬಟ್ಟು. ಗೋಲಿಯಂತೆ ದುಂಡಗಿನ, ಕಲ್ಲಿನಷ್ಟು ಗಟ್ಟಿಯಾದ ಈ ಬೀಜಗಳನ್ನು ಪೋಣಿಸಿ ದೃಷ್ಟಿ ತಾಗದಿರಲೆಂದು ಮಕ್ಕಳ ಕೊರಳಿಗೆ ಕಟ್ಟುತ್ತಾರೆ. ಫಕೀರರ ಜಪಮಾಲೆಗೂ ಅದು ಒದಗುತ್ತಿತ್ತು. ಬ್ರಿಟಿಷರ ಕಾಲದಲ್ಲಿ ಮುಂಬಯಿ ಬಂದರಿನಿಂದ ಗುಂಡಿ, ಮಣಿಗಳನ್ನು ಮಾಡಲು ಈ ಬೀಜಗಳು ಹೊರದೇಶಕ್ಕೂ ಹೋಗುತ್ತಿದ್ದವು. ತೆಂಕಣದಲ್ಲಿ ಕೇಡೆಂದು ಕಡಿಯುವ ಮರದ ಬೀಜ ಬಡಗಣದಲ್ಲಿ ಕೇಡನ್ನು ಕಾಯುವ ತಾಯತ!

ಹಾಗಾದರೆ ಇಷ್ಟು ಕಾಲ ಕಡಿಯುತ್ತಾ ಬಂದರೂ ಮರ ಉಳಿದದ್ದು ಹೇಗೆ? ಉತ್ತರ ಸರಳ. ಕಡಿದವರೇ ನೆಡುತ್ತಲೂ ಇದ್ದರು. ಒಂದು ಮರ ಫಲಿಸಿದರೆ ಇಡೀ ಸೀಮೆಗೆ ಸಾಕಾಗುವಷ್ಟು ಬೀಜ ಎಂದು ನಾಕ್ಸ್ ಬರೆದದ್ದು ಸುಳ್ಳಲ್ಲ. ಹತ್ತರಲ್ಲಿ ಒಂಬತ್ತನ್ನು ಕಡಿದು ಒಂದನ್ನು ಬಿಟ್ಟರೂ, ಬಿದ್ದ ಬೀಜವನ್ನು ಆಯ್ದು ಬೇಲಿಯ ಬದಿಗೆ ಊರುವವರಿದ್ದರೆ ಸಾಕಾಗುತ್ತಿತ್ತು. ಎಲೆಗೆ ಬೆಲೆಯಿದ್ದಾಗ ಊರುವವರಿದ್ದರು. ಶ್ರೀತಾಳೆ ಬಹುಮಟ್ಟಿಗೆ ಮನುಷ್ಯನ ಆಸರೆಯಲ್ಲಿ ಬೆಳೆದ ಮರ. ಶುದ್ಧ ಕಾಡಿನಲ್ಲಿ ಅದು ಕಾಣುವುದು ಅಪರೂಪ. ಊರುಗಳ ಅಂಚಿನಲ್ಲಿ, ಹಳೆಯ ತೋಟಗಳಲ್ಲಿ ಕಾಣುವುದೇ ಹೆಚ್ಚು.

ಕಾಗದ ಬಂತು, ಅಚ್ಚಿನ ಯಂತ್ರ ಬಂತು. ಓಲೆ ಬರೆಯುವವರು ಇಲ್ಲವಾದರು. ಬಟ್ಟೆಯ ಕೊಡೆ ಬಂತು. ಗೊರಬಿನ ಜಾಗಕ್ಕೆ ಪ್ಲಾಸ್ಟಿಕ್ ಹಾಳೆ ಬಂತು. ಮಾಡಿಗೆ ಹೆಂಚು, ಹೊಟ್ಟೆಗೆ ನ್ಯಾಯಬೆಲೆ ಅಂಗಡಿಯ ಅಕ್ಕಿ. ಬಡವರ ಪಾಲಿಗೆ ಇವೆಲ್ಲ ಒಳ್ಳೆಯದೇ ಆಯಿತು. ತಾಳೆಯ ತಿರುಳು ಕುಟ್ಟುವ ದಿನಗಳು ಮತ್ತೆ ಬರಲಿ ಎಂದು ಯಾರೂ ಹಾರೈಸಲಾರರು. ಆದರೆ ಮರವನ್ನು ನೆಡಲು ಇದ್ದ ಕಾರಣಗಳೆಲ್ಲ ಒಂದೊಂದಾಗಿ ಕಳಚಿದ ಮೇಲೆ ಉಳಿದದ್ದು ಅದನ್ನು ಕಡಿಯಲು ಇದ್ದ ಕಾರಣವೊಂದೇ. ಜೊತೆಗೆ ಅಡಿಕೆ, ರಬ್ಬರು ತೋಟಗಳಿಗೆ ಜಾಗ ಬೇಕಿತ್ತು. ಐವತ್ತು ವರ್ಷ ಏನನ್ನೂ ಕೊಡದೆ ಹತ್ತು ಅಡಿಕೆ ಮರಗಳ ಬಿಸಿಲನ್ನು ನುಂಗುವ ಮರವನ್ನು ಇಟ್ಟುಕೊಳ್ಳುವವರು ಯಾರು?

ಇತ್ತ ಎಲೆಯ ಯೋಗಕ್ಷೇಮ ಮಾತ್ರ ಚೆನ್ನಾಗಿ ನಡೆಯಿತು. 1891ರಲ್ಲಿ ಮೈಸೂರಿನಲ್ಲಿ ಸ್ಥಾಪನೆಯಾದ ಓರಿಯಂಟಲ್ ಲೈಬ್ರರಿಗೆ ಬಂದ ತಾಳೆಗರಿಯ ಕಟ್ಟೊಂದರಲ್ಲೇ 1905ರಲ್ಲಿ ಆರ್. ಶಾಮಶಾಸ್ತ್ರಿಗಳು ಕೌಟಿಲ್ಯನ ‘ಅರ್ಥಶಾಸ್ತ್ರ’ವನ್ನು ಗುರುತಿಸಿದರು, 1909ರಲ್ಲಿ ಅದು ಅಚ್ಚಾಯಿತು. 2003ರಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಹಸ್ತಪ್ರತಿ ಅಭಿಯಾನ ಆರಂಭಿಸಿದ ಮೇಲೆ ಮಠ, ಮನೆತನಗಳ ಅಟ್ಟಗಳಲ್ಲಿದ್ದ ಕಟ್ಟುಗಳ ಪಟ್ಟಿ ತಯಾರಿಸುವ, ಧೂಳು ಝಾಡಿಸಿ ಎಣ್ಣೆ ಸವರುವ, ಛಾಯಾಚಿತ್ರ ತೆಗೆದಿಡುವ ಕೆಲಸಗಳಿಗೆ ಬಲ ಬಂತು. ಆ ಎಲೆಗಳನ್ನು ಕೊಟ್ಟ ಮರದ ಪಟ್ಟಿ ಮಾಡುವುದು ಸರ್ಕಾರಿ ಯೋಜನೆಗಳಿಗೆ ಹೊಳೆದಂತಿಲ್ಲ.

ಆ ಕೆಲಸಕ್ಕೆ ಕೈಹಾಕಿದವರು ಉಡುಪಿಯ ಸುತ್ತಿನ ಜಾನಪದ ಮತ್ತು ಇತಿಹಾಸದ ವಿದ್ವಾಂಸರು, ಊರಿನ ಉತ್ಸಾಹಿಗಳು. ಎಲ್ಲಿ ಪನೋಲಿ ಉಳಿದಿದೆಯೆಂದು ಹುಡುಕುವುದು, ಮನೆಯವರಿಗೆ ಮರದ ಚರಿತ್ರೆ ತಿಳಿಸಿ ಕಡಿಯದಂತೆ ಕೇಳಿಕೊಳ್ಳುವುದು, ಬೀಜ ಆಯ್ದು ಶಾಲೆ, ದೇವಸ್ಥಾನ, ಸರ್ಕಾರಿ ಜಾಗಗಳಲ್ಲಿ ನೆಡಿಸುವುದು ಅವರ ದಾರಿ. ಮನೆಯಂಗಳದಲ್ಲಿ ಬೇಡವೆನ್ನುವವರೂ ದೇವರ ಬನದಲ್ಲಿ ಬೇಡವೆನ್ನುವುದಿಲ್ಲ ಎಂಬುದು ವ್ಯವಹಾರದ ಮಾತು.

ಬೇರೆ ಕಡೆ ಇದೇ ಮರಕ್ಕೆ ದೊರೆತ ಸ್ವಾಗತ ನೋಡಿ. ಬ್ರೆಜಿಲ್ ದೇಶದ ರಿಯೊ ಡಿ ಜನೈರೊ ನಗರದ ಫ್ಲಮೆಂಗೊ ಉದ್ಯಾನಕ್ಕೆ 1960ರ ದಶಕದಲ್ಲಿ ಪ್ರಸಿದ್ಧ ಉದ್ಯಾನಶಿಲ್ಪಿ ರಾಬರ್ಟೊ ಬುರ್ಲೆ ಮಾರ್ಕ್ಸ್ ಶ್ರೀತಾಳೆಗಳನ್ನು ತಂದು ನೆಡಿಸಿದರು. 1994ರಲ್ಲಿ ಅವರು ತೀರಿಕೊಂಡಾಗ ಮರಗಳಿನ್ನೂ ಹೂಬಿಟ್ಟಿರಲಿಲ್ಲ. 2025ರ ಕೊನೆಯಲ್ಲಿ ಅವು ಹೂವಿಗೆ ಬಂದವು. ನಗರದ ಜನ ಗುಂಪುಗೂಡಿ ಕತ್ತೆತ್ತಿ ನೋಡಿದರು, ಫೋಟೊ ತೆಗೆದುಕೊಂಡರು. ಪತ್ರಿಕೆಗಳು ಬರೆದವು. ಯಾರೂ ಕೊಡಲಿ ತರಲಿಲ್ಲ.

ನಮ್ಮಲ್ಲಿ ಹೂಬಿಟ್ಟ ಮರಕ್ಕೆ ಬೇಕಾಗಿರುವುದು ಹೆಚ್ಚೇನಲ್ಲ, ಸುಮಾರು ಒಂದು ವರ್ಷದ ಕಾಲಾವಕಾಶ. ಅಷ್ಟರಲ್ಲಿ ಕಾಯಿ ಬಲಿತು ತಾನಾಗಿ ಉದುರುತ್ತದೆ. ಆಮೇಲೆ ಮರ ಹೇಗೂ ನಿಲ್ಲುವುದಿಲ್ಲ. ಮನೆಯ ಮೇಲೆ ಬೀಳುವ ಅಂಜಿಕೆಯಿದ್ದರೆ ಆಗ ಕಡಿದರೂ ನಷ್ಟವಿಲ್ಲ. ಉದುರಿದ ಬೀಜ ಮೊಳೆಯಲು ತಿಂಗಳುಗಟ್ಟಲೆ ಹಿಡಿಯುತ್ತದೆ. ಮೊದಲ ಕೆಲವು ವರ್ಷ ಕಾಂಡವೇ ಕಾಣುವುದಿಲ್ಲ, ನೆಲದಿಂದ ನೇರ ಎಲೆಗಳು ಹೊರಡುತ್ತವೆ. ದನ ಮೇಯದಂತೆ ಆ ಅವಧಿಯಲ್ಲಿ ಒಂದು ಬೇಲಿ ಕಟ್ಟಿದರೆ ಸಾಕು.